ಮಿಕ್ಕಿದ ಸ್ಕ್ರೂ

ಬೇಕರಿ ಒಲೆಯ ಬರ್ನರಿಗೆ ಡೀಸೆಲ್ ಎಣ್ಣೆ ಹಾಯಿಸುವ ಪಂಪು ಜೋಡಿಸಿ ಮುಗಿಯಿತು ಅಂತ ಮಾವ ಕೈ ಒರೆಸಿಕೊಳ್ಳುವಷ್ಟರಲ್ಲಿ, ಹಾಸಿದ್ದ ಬಟ್ಟೆಯ ಮೇಲೆ ಒಂದು ಸ್ಕ್ರೂ ಮಿಕ್ಕಿರುವುದು ಕಣ್ಣಿಗೆ ಬಿತ್ತು. ಕಡಲೆಕಾಳಿನಷ್ಟಿತ್ತು, ಅಷ್ಟೇ. ಬಿಡಿಭಾಗಗಳ ಪೊಟ್ಟಣದಲ್ಲಿ ಬಂದದ್ದೋ, ತಾನೇ ಹಾಕಲು ಮರೆತದ್ದೋ, ಏನೂ ನೆನಪಾಗಲೊಲ್ಲದು. ಅಳಿಯ ಎಣ್ಣೆ ಟ್ಯಾಂಕು ನೋಡಲು ಮಹಡಿಗೆ ಹೋಗಿದ್ದ. ಇತ್ತ ಬೇಕರಿಯ ಯಜಮಾನಿ ತಣ್ಣಗಿದ್ದ ಒಲೆಯ ಮುಂದೆ ಶತಪಥ ಹಾಕುತ್ತಿದ್ದಳು.

"ಇನ್ನೂ ಎಷ್ಟು ಹೊತ್ತು ಯಜಮಾನ್ರೇ? ಹಿಟ್ಟು ಉಬ್ಬಿ ಟ್ರೇ ದಾಟ್ತಾ ಇದೆ!"

"ಆಯ್ತಮ್ಮಾ, ಇದೊಂದು ಸ್ಕ್ರೂ."

ಇಪ್ಪತ್ತಾರು ವರ್ಷ ನೂಲಿನ ಗಿರಣಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಐವತ್ತಮೂರನೇ ವಯಸ್ಸಿನಲ್ಲಿ ಸ್ವಂತ ಅಳಿಯನ ಕೈಕೆಳಗೆ ಬರ್ನರ್ ರಿಪೇರಿ ಕಲಿಯೋದು ಅಂದರೆ ಹುಡುಗಾಟವೇ! ನಾಲ್ಕು ತಿಂಗಳಿಂದ ಕೂತರೂ ನಿಂತರೂ ಒಂದೇ ಜಪ: ಜಾಲರಿ, ಗಿಯರು, ಸೀಲು, ಸ್ಪ್ರಿಂಗು. ಇವತ್ತು ಒಬ್ಬನೇ ಪಂಪು ಬಿಚ್ಚಿ ಜೋಡಿಸಿ ಒಲೆ ಹೊತ್ತಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ನಾಳೆಯಿಂದ ಬರಬೇಡಿ ಅಂತ ವರ್ಕ್‌ಶಾಪಿನ ಸಾಹುಕಾರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಮಾವ ಸ್ಕ್ರೂವನ್ನು ಬೆರಳುಗಳ ನಡುವೆ ಹೊರಳಿಸಿದ. ಹೋದ ತಿಂಗಳು ವರ್ಕ್‌ಶಾಪಿನ ಬೆಂಚಿನ ಮೇಲೂ ಇಂಥದೇ ಒಂದು ಮಿಕ್ಕಿತ್ತು. ಪಂಪಿನ ಒಳಗಿನ ತೂತಿಗೆ ಹಾಕಿ ಬಿಗಿದಿದ್ದ. ಅಳಿಯ ನೋಡಿ, "ಚೆನ್ನಾಗಿದೆ ಮಾವ, ಕೈ ತೊಳ್ಕೊಂಡು ಬನ್ನಿ, ಟೀ ಕುಡಿಯೋಣ" ಅಂದಿದ್ದ. ಜೊತೆಗೆ ಕಲಿಯುವ ಇನ್ನೊಬ್ಬ, ಬಸ್ಸು ತೊಳೆಯುವ ಕೆಲಸ ಬಿಟ್ಟು ಬಂದವನು, ಜಾಲರಿ ತಿರುಗಾಮುರುಗಾ ಹಾಕಿದ್ದಕ್ಕೆ ಅದೇ ಅಳಿಯ ಅವನ ಜನ್ಮ ಜಾಲಾಡಿದ್ದ. ತನಗೆ ಇವತ್ತಿನವರೆಗೂ ಒಂದು ಗದರಿಕೆಯೂ ಬಿದ್ದಿಲ್ಲ. ಅಂದಮೇಲೆ ಅಲ್ಲಿ ಹಾಕಿದ್ದು ಸರಿಯೇ ಇರಬೇಕು. ಆದರೂ ಯಾಕೋ ಸಮಾಧಾನವಿಲ್ಲ. ಅಳಿಯನನ್ನು ಕೂಗಲೇ? ಕೂಗಿದರೆ ಒಬ್ಬನೇ ಮಾಡಿದ ಹಾಗೆ ಹೇಗಾದೀತು? ಸುಡುಗಾಡು, ಆದದ್ದಾಗಲಿ ಎಂದು ಮುಚ್ಚಳ ತೆಗೆದು, ಸ್ಕ್ರೂ ಬಿಗಿದು, ಮತ್ತೆ ಮುಚ್ಚಿ ಸ್ವಿಚ್ಚು ಒತ್ತಿದ.

ಬರ್ನರ್ ಗುಂಯ್ ಎಂದಿತು. ಬೆಂಕಿ ಹೊತ್ತಿತು. "ಅಬ್ಬಾ, ಬದುಕಿಕೊಂಡೆ!" ಎಂದಳು ಯಜಮಾನಿ. ಮಾವನ ಮುಖ ಇನ್ನೇನು ಅರಳಬೇಕು, ಪಂಪಿನೊಳಗೆ ಪಟ್ ಎಂದು ಸದ್ದಾಗಿ ಎಣ್ಣೆ ಧಾರಾಕಾರವಾಗಿ ನೆಲಕ್ಕೆ ಸುರಿಯಿತು. ಅವನು ಗಡಬಡಿಸಿ ಸ್ವಿಚ್ಚು ಆರಿಸಿದ. ಮೆಟ್ಟಿಲಿಳಿದು ಓಡಿಬಂದ ಅಳಿಯನಿಗೆ ಒಂದೇ ನೋಟಕ್ಕೆ ಎಲ್ಲಾ ತಿಳಿಯಿತು.

"ಪರವಾಗಿಲ್ಲ ಮಾವ. ನೀವು ಆ ಕಡೆ ಕೂತ್ಕೊಳ್ಳಿ, ನಾನು ನೋಡ್ಕೋತೀನಿ. ಪೆಟ್ಟಿಗೇಲಿ ಇನ್ನೊಂದು ಸೀಲಿದೆ."

"ಮೊದಲು ಏನಾಯ್ತು ಅಂತ ಹೇಳಿ."

"ಏನಿಲ್ಲ... ಟ್ಯಾಂಕಿನಿಂದ ಒಂದೇ ಪೈಪು ಬಂದಿರೋ ಕಡೆ, ಪೊಟ್ಟಣದ ಜೊತೆ ಬರೋ ಆ ಸ್ಕ್ರೂ ಹಾಕ್ಬಾರದು. ಹೆಚ್ಚಾದ ಎಣ್ಣೆ ಪಂಪಿನೊಳಗೇ ತಿರುಗೋ ದಾರಿಗೆ ಅದು ಬಿರಡೆ. ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗೋಕೆ ಬೇರೆ ಪೈಪಿದ್ರೆ ಸರಿ. ಇಲ್ಲಾಂದ್ರೆ ಸೀಲು ಒಡಿಯುತ್ತೆ."

"ಅವತ್ತು ಬೆಂಚಿನ ಮೇಲಿದ್ದ ಪಂಪು?"

ಅಳಿಯ ತಲೆ ಬಗ್ಗಿಸಿ ನೆಲದ ಎಣ್ಣೆ ಒರೆಸತೊಡಗಿದ. "ಅದೂ ಒಂದೇ ಪೈಪಿಂದು. ನೀವು ಕೈ ತೊಳೆಯೋಕೆ ಹೋದಾಗ ತೆಗೆದುಬಿಟ್ಟೆ."

"ನನಗ್ಯಾಕೆ ಹೇಳಲಿಲ್ಲ?"

"ಹೆಣ್ಣು ಕೊಟ್ಟ ಮಾವ ನೀವು. ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಿ ಮನೆಗೆ ಹೋದ್ರೆ ನಿಮ್ಮ ಮಗಳು ನನಗೆ ಊಟ ಹಾಕ್ತಾಳಾ?"

ಮಾವನ ಮೈಯೆಲ್ಲಾ ಉರಿದುಹೋಯಿತು. ನಾಲ್ಕು ತಿಂಗಳು! ತಾನು ಜೋಡಿಸಿದ ಇನ್ನೆಷ್ಟು ಪಂಪುಗಳನ್ನು ಇವನು ಬೆನ್ನ ಹಿಂದೆ ಬಿಚ್ಚಿದ್ದಾನೋ! ಅಷ್ಟರಲ್ಲಿ ಅಳಿಯ ಸ್ಪ್ಯಾನರ್ ಹಿಡಿದು ಪಂಪಿನ ಮುಂದೆ ಕೂತ. ಮಾವ ಗಬಕ್ಕನೆ ಅವನ ರಟ್ಟೆ ಹಿಡಿದ.

"ಕೊಡಿ ಇಲ್ಲಿ. ಬಿಚ್ಚೋನು ನಾನು. ನೀವು ನಿಂತ್ಕೊಂಡು ಬೈಯಿರಿ, ಆ ಬಸ್ಸು ತೊಳೆಯೋನಿಗೆ ಬೈದ ಹಾಗೆ."

"ಮಾವ, ಅವರು ನೋಡ್ತಿದಾರೆ..."

"ನೋಡ್ಲಿ. ಹಿಟ್ಟು ಉಬ್ತಾ ಇದೆ, ಬೇಗ ಬೈಯಿರಿ!"

ಅಳಿಯ ಯಜಮಾನಿಯ ಕಡೆ ನೋಡಿ ಬೆವರೊರೆಸಿಕೊಂಡ. ಕೊನೆಗೆ ಕಣ್ಣು ಮುಚ್ಚಿಕೊಂಡು ಕಿರುಚಿಬಿಟ್ಟ:

"ಎಷ್ಟು ಸಲ ಹೇಳ್ಬೇಕ್ರೀ ನಿಮಗೆ!"

"ಒಂದು ಸಲ," ಅಂದ ಮಾವ, ಪಂಪಿನ ಮುಚ್ಚಳ ಬಿಚ್ಚುತ್ತಾ. "ಆ ಒಂದು ಸಲಾನೇ ನೀವು ಹೇಳಲಿಲ್ಲ."