ಹಳೇ ಸ್ನೋ, ಒಣಗಿದ ಉಗುರುಬಣ್ಣ

ಹೆಣ್ಣು ನೋಡಲು ಅಣ್ಣಿಗೇರಿಯಿಂದ ಬಂದವರ ಪಾದಗಳನ್ನೆಲ್ಲ ಮಲ್ಲಕ್ಕ ನೋಡಿ ಮುಗಿಸಿದ್ದಳು. ತಲೆ ತಗ್ಗಿಸಿ ಚಾಪೆಯ ಮೇಲೆ ಕುಳಿತವಳಿಗೆ ಕಾಣುವುದು ಅಷ್ಟೇ ತಾನೆ. ಹುಡುಗನ ಸೋದರತ್ತೆಯ ಕಾಲಲ್ಲಿ ದಪ್ಪ ಬೆಳ್ಳಿಯ ಕಾಲುಂಗುರ. ಹುಡುಗನ ಹಿಮ್ಮಡಿಗೆ ಹೊಸ ಚಪ್ಪಲಿ ಕಚ್ಚಿದ ಗಾಯ. ಬ್ಯಾಂಕಿನಲ್ಲಿ ಗುಮಾಸ್ತನಂತೆ.

"ಇವನ್ನೆಲ್ಲಾ ನಿಮ್ಮ ಹುಡುಗೀನ ಮಾಡ್ಯಾಳೇನ್ರಿ?" ಸೋದರತ್ತೆ ಗೋಡೆಯತ್ತ ಕೈ ಮಾಡಿದಳು.

"ಹೌದ್ರಿ, ಮತ್ತ್ಯಾರ ಮಾಡಬೇಕ್ರಿ? ಕುಂತ್ರ ನಿಂತ್ರ ಕೈಯಾಗ ಸೂಜಿ ನಮ್ಮ ಮಲ್ಲಕ್ಕಗ," ಎಂದಳು ತಾಯಿ ಸಾವಂತ್ರೆವ್ವ, ಕಣ್ಣು ಪಿಳುಕಿಸದೆ.

ಮಣಿಯ ಹಂಸ, ವೈರಿನ ಚೀಲ, ಗಾಜು ಹಾಕಿಸಿದ ಕಸೂತಿಯ ಗೋಪುರ ಎಲ್ಲವೂ ಅಂದು ಬೆಳಿಗ್ಗೆಯಷ್ಟೇ ಬಾಜು ಮನೆಯ ಹುಡುಗಿ ಸುಶೀಲಾಳ ಗೋಡೆಯಿಂದ ಇಳಿದು ಬಂದಿದ್ದವು. ಗುಡಗೇರಿಯ ಆ ಓಣಿಯಲ್ಲಿ ಇದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ಒಂದು ಮನೆಗೆ ನೋಡುವವರು ಬಂದರೆ ಓಣಿಯ ಕೈಕೆಲಸವೆಲ್ಲ ಆ ಮನೆಯ ಗೋಡೆ ಏರುವುದು, ಅವರು ಹೋದ ಮೇಲೆ ಇಳಿಯುವುದು, ಚಹಾದ ಕಪ್ಪು-ಬಸಿಗಳ ಹಾಗೆ. ಸೋದರತ್ತೆ ಕಸೂತಿಯನ್ನು ಇಳಿಸಿ, ಹಿಂದೆ ಮುಂದೆ ತಿರುವಿ, ಗಂಟು ಹುಡುಕಿದಳು. ಒಂದೂ ಸಿಗಲಿಲ್ಲ. "ಕೈ ಚಲೋ ಐತಿ," ಎಂದಳು, ಸ್ವಲ್ಪ ನಿರಾಸೆಯಿಂದಲೇ.

ಅಷ್ಟರಲ್ಲಿ ಹುಡುಗನ ಪಾದಗಳು ಬಾಗಿಲ ಹಿಂಬದಿಗೆ ತಿರುಗಿದವು.

"ಆ ಚಿತ್ರಾ ಯಾರ ತಗದಾರ್ರಿ?"

ಯಾರಿಗೂ ಕಾಣದಿರಲೆಂದೇ ಅದನ್ನು ಅಲ್ಲಿ ಒರಗಿಸಿದ್ದರು. ಅಡತಿ ಅಂಗಡಿಯ ಸಾಹುಕಾರರ ಮನೆಗೆ ಊರಿನ ಮೊದಲ ಟಿ.ವಿ. ಬಂದಾಗ ಹೊರಗೆ ಎಸೆದ ಪೆಟ್ಟಿಗೆಯ ರಟ್ಟು ಅದು. 'ಒಲ್ಲೆ ಅಂದವರ ಮುಂದ ಹಚ್ಚಿಕೊಂಡದ್ದು ಮತ್ತ ಹಚ್ಚಬಾರದು' ಎಂಬುದು ಸಾವಂತ್ರೆವ್ವನ ಶಾಸ್ತ್ರ. ಹೀಗಾಗಿ ನೋಡುವವರು ಬಂದಾಗಲೆಲ್ಲ ಸಂತೆಯಿಂದ ಮುಖಕ್ಕೆ ಹೊಸ ಸ್ನೋ, ಹೊಸ ಪೌಡರು, ಹೊಸ ಉಗುರುಬಣ್ಣ. ಹನ್ನೊಂದು ವರಗಳ ಹಳೆಯ ಡಬ್ಬಿಗಳು ಗೋಡೆಯ ಮಾಡದಲ್ಲಿ ಒಣಗುತ್ತಿದ್ದವು. ಒಂದು ಮಧ್ಯಾಹ್ನ ಮಲ್ಲಕ್ಕ ಗಟ್ಟಿಯಾದ ಸ್ನೋಗೆ ಕೊಬ್ಬರಿ ಎಣ್ಣೆ ಹಾಕಿ ಸುಣ್ಣದಂತೆ ಕಲಸಿ ಆ ರಟ್ಟಿನ ಮೇಲೆ ಗಿಣಿ ಬರೆಯಲು ಕುಳಿತಳು. ಅಂಟಂಟಾದ ಉಗುರುಬಣ್ಣವನ್ನು ಕಡ್ಡಿಯಿಂದ ಎಳೆದರೆ ಅದು ನೂಲಿನಂತೆ ಎಳೆ ಬಿಟ್ಟು ಗಿಣಿಯ ಕೊಕ್ಕನ್ನು ಎಲ್ಲಿಗೋ ಒಯ್ದಿತು. ಹೋಗಲಿ, ಎಲ್ಲಿಗೆ ಹೋಗತೈತೋ ನೋಡೂಣು ಎಂದು ಬಿಟ್ಟಳು. ಮತ್ತೆ ಗಿಣಿ ಬರಲಿಲ್ಲ, ಹೂವೂ ಬರಲಿಲ್ಲ. ಕೆಂಪು ಹೋದಲ್ಲಿಗೆ ಬಿಳಿ, ಬಿಳಿಯ ಮೈಮೇಲೆ ಕಾಡಿಗೆ. ಆ ಮನೆಯಲ್ಲಿ ಅವಳ ಸ್ವಂತ ಕೈಯ ಕೆಲಸವೆಂದು ಇದ್ದದ್ದು ಅದೊಂದೇ.

"ಇದರಾಗ ಏನೈತಿ ಅನ್ನೂದ ತಿಳಿವಲ್ದ್ರಿ," ಹುಡುಗ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. "ಆದ್ರ ಕಣ್ಣ ಬಿಟ್ಟ ಬರವಲ್ದು."

ಮಲ್ಲಕ್ಕ ತಲೆ ಎತ್ತಿದಳು. ನೋಡಲು ಬಂದವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. 'ನಾನ್ರಿ' ಎನ್ನಲು ತುಟಿ ತೆರೆಯಿತು. ಸಾವಂತ್ರೆವ್ವ ಅದಕ್ಕೂ ಮೊದಲೇ ಬಾಯಿ ಹಾಕಿದಳು.

"ಅಯ್ಯ, ಅದು ನಮ್ಮದಲ್ರಿ! ಬಾಜು ಮನಿ ಸುಶೀಲಾಂದು. ಹಳೇ ಸ್ನೋ ಹಾಳ ಮಾಡಿ ಬಳದಾಳ ನೋಡ್ರಿ, ಹುಚ್ಚಖೋಡಿ. ನಮ್ಮಾಕಿ ಅಂಥಾ ಚೆಲ್ಲಾಟದಾಕಿ ಅಲ್ಲ ಬಿಡ್ರಿ."

ಮೂರನೆಯ ದಿನ ಮಧ್ಯಸ್ಥಿಕೆಯ ಶಂಭುಲಿಂಗಪ್ಪ ಬಂದ. ಚಹಾ ಮುಗಿಸಿ ಬಸಿ ಕೆಳಗಿಟ್ಟ.

"ಹುಡುಗಗ ಮನಸ ಐತ್ರಿ, ಅಕ್ಕಾರ."

"ದೇವರ ಕಣ್ಣ ತಗದಾ!"

"ಇಲ್ಲಲ್ರಿ... ಬಾಜು ಮನ್ಯಾಗ. ಆ ರಟ್ಟಿನ ಹುಡುಗೀನ್ನ ನೋಡಬೇಕಂತ. ಸೋಮವಾರ ಬರ್ತಾರ."

ಸೋಮವಾರ ಹೊಸ ಸೀರೆ ಉಟ್ಟು ಸುಶೀಲಾ ಬಂದಳು. ಹೊಸ್ತಿಲಲ್ಲೇ ನಿಂತು, "ಮಲ್ಲಕ್ಕ, ನಿನ್ನ ರಟ್ಟು ಒಂದ್ ತಾಸು ಕೊಡಬೇ," ಎಂದಳು.

"ನಾಚಿಕಿ ಬರೂದಿಲ್ಲೇನ ನಿನಗ?" ಸಾವಂತ್ರೆವ್ವ ಒಲೆಯ ಮುಂದಿನಿಂದಲೇ ಹಾರಿ ಬಿದ್ದಳು.

"ನಾ ತಗದೀನಿ ಅಂತ ನೀವ ಹೇಳೀರಲ್ರಿ, ಕಾಕು," ಸುಶೀಲಾ ಮೆತ್ತಗೆ ಅಂದಳು. "ನಮ್ಮ ಹಂಸಾ ಇನ್ನೂ ನಿಮ್ಮ ಗ್ವಾಡಿ ಮ್ಯಾಲೇ ಐತಿ. ನಾ ಏನರ ಅಂದೇನೇನು?"

ಸಾವಂತ್ರೆವ್ವ ಒಲೆಯತ್ತ ತಿರುಗಿ ಕಟ್ಟಿಗೆ ಮುಂದೂಡಿದಳು. ಮಲ್ಲಕ್ಕ ಒಳಗಿನಿಂದ ರಟ್ಟು ತಂದಳು. ತಂದವಳು ಕೊಡಲಿಲ್ಲ. ನೆಲಕ್ಕೆ ಹಾಸಿ, ಮೊನ್ನೆಯಷ್ಟೇ ಹಚ್ಚಿಕೊಂಡಿದ್ದ ಉಗುರುಬಣ್ಣದ ಸೀಸೆ ತೆರೆದು, ಕೆಳಮೂಲೆಯಲ್ಲಿ ಮೂರಕ್ಷರ ಬರೆದಳು: ಮಲ್ಲಕ್ಕ. ಸುಶೀಲಾ ಬಗ್ಗಿ ಓದುವಷ್ಟರಲ್ಲಿ ಊದಿ ಊದಿ ಒಣಗಿಸಿಯೂ ಆಗಿತ್ತು.

"ಇದೇನ ಮಾಡಿದಿ ಬೇ! ಕೆರದ ತಗೀಲೇನು?"

"ಕೆರಿ. ಕೆಳಗಿನ ಚಿತ್ರನೂ ಕಿತ್ತ ಬರತೈತಿ."

ಹೊರಗೆ ಸ್ಟೇಷನ್ನಿನ ಕಡೆಯಿಂದ ಬಂದವರ ಮಾತು ಕೇಳಿಸಿತು. ಸುಶೀಲಾ ಒಮ್ಮೆ ಬೀದಿಯನ್ನು, ಒಮ್ಮೆ ಮೂಲೆಯನ್ನು ನೋಡಿದಳು. ಆಮೇಲೆ ರಟ್ಟನ್ನು ಎದೆಗೆ ಹಿಡಿದು, ಮೂರಕ್ಷರದ ಮೇಲೆ ಹೆಬ್ಬೆಟ್ಟು ಒತ್ತಿಕೊಂಡು ಓಡಿದಳು.

ಎರಡು ಮನೆಗಳ ನಡುಗೋಡೆ ಹಂಚಿನವರೆಗೆ ಮುಟ್ಟಿರಲಿಲ್ಲ. ಮಲ್ಲಕ್ಕ ಅದಕ್ಕೆ ಬೆನ್ನು ಹಚ್ಚಿ ನಿಂತಳು. "ಇದನ್ನ ನೀವ ತಗದೀರೇನ್ರಿ?" ಎಂದಿತು ಹುಡುಗನ ದನಿ. ಸುಶೀಲಾಳ ಬಳೆಗಳು ಸಣ್ಣಗೆ ಅಲುಗಿದವು. ಅದರ ಹಿಂದೆಯೇ ಸೋದರತ್ತೆಯ ದೊಡ್ಡ ಗಂಟಲು ಗೋಡೆ ದಾಟಿ ಬಂತು:

"ಅಲ್ಲಬೇ ತಂಗಿ, ಆಗಿಂದ ನೋಡಾಕತ್ತೀನಿ, ಆ ಮೂಲ್ಯಾಗ ಏನೈತಿ? ಹೆಬ್ಬಟ್ಟ ತಗೀ, ಪೂರಾ ನೋಡೂಣು."