ಸೇತುವೆ ಎತ್ತಿದ್ದಕ್ಕೆ ಚೀಟಿ

ಒಂಬತ್ತೂ ಮುಕ್ಕಾಲಿಗೆ ಮಾರ್ಲಾ ಸೇತುವೆಯ ಕ್ಯಾಬಿನ್ ಬಾಗಿಲನ್ನು ದಬದಬನೆ ಬಡಿದಳು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಮನೆಯ ಚಪ್ಪಲಿ. ಆಪರೇಟರ್ ವೆಂಡೆಲ್ ಬಾಗಿಲು ತೆರೆದದ್ದೇ ತಡ, "ಸರ್, ಹತ್ತರೊಳಗೆ ಸೇತುವೆ ಎತ್ತಿಬಿಡಿ. ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ" ಎಂದಳು.

ಪೋರ್ಟ್‌ಲ್ಯಾಂಡಿನಲ್ಲಿ ಕೆಲಸಕ್ಕೆ ತಡವಾದವರೆಲ್ಲ ಹೇಳುವುದು ಒಂದೇ ಮಾತು: ಸೇತುವೆ ಎತ್ತಿದ್ದರು. ದೋಣಿಗೆ ದಾರಿ ಬಿಡಲು ಹೆದ್ದಾರಿಯೇ ಎರಡು ಭಾಗವಾಗಿ ಮೇಲೇಳುವ ಊರಿನಲ್ಲಿ ಬೇರೆ ನೆಪ ಹುಡುಕುವವನು ದಡ್ಡ. ಮಾರ್ಲಾ ಈ ತಿಂಗಳು ಎರಡು ಸಲ ಹೇಳಿಯಾಗಿತ್ತು. ಇವತ್ತು ಎಚ್ಚರವಾದದ್ದೇ ಒಂಬತ್ತೂವರೆಗೆ. ಮಲಗಿದಲ್ಲಿಂದಲೇ ಫೋನ್ ಮಾಡಿ ಮೂರನೆಯ ಸಲವೂ ಅದನ್ನೇ ಹೇಳಿದ್ದಳು. ಹಾಸಿಗೆ ಅಂಗಡಿಯ ಮ್ಯಾನೇಜರ್ ಹಾಲ್ವರ್ಸನ್ ಈ ಸಲ ಬೈಯಲಿಲ್ಲ. "ಹತ್ತರೊಳಗೆ ಸೇತುವೆ ಎತ್ತಿದ್ರು ಅಂತ ಆಪರೇಟರ್ ಹತ್ರ ಚೀಟಿ ಬರೆಸ್ಕೊಂಡು ಬನ್ನಿ. ನಾನು ಅಂಗಡೀಲೇ ಕಾಯ್ತಿರ್ತೀನಿ. ಚೀಟಿ ಇಲ್ಲಾಂದ್ರೆ ಬರೋದೇ ಬೇಡ" ಎಂದಿದ್ದ.

"ಸುಮ್ನೆ ಬರ್ದುಕೊಡಿ ಸರ್, ಎತ್ತಿದ್ರಿ ಅಂತ."

"ಎತ್ತದೇ ಎತ್ತಿದೆ ಅಂತ ಬರೆಯೋದಾ?" ವೆಂಡೆಲ್ ಮೇಜಿನ ಮೇಲಿನ ದಪ್ಪ ಪುಸ್ತಕದ ಮೇಲೆ ಕೈಯಿಟ್ಟ. "ಹದಿನೇಳು ವರ್ಷದಿಂದ ಇದರಲ್ಲಿ ಒಂದು ಸುಳ್ಳು ಅಕ್ಷರ ಬಿದ್ದಿಲ್ಲ."

"ಹಾಗಾದ್ರೆ ನಿಜವಾಗ್ಲೂ ಎತ್ತಿ!"

"ನೋಡಮ್ಮ, ನೀವು ಹೇಳಿದ್ರೆ, ನಾನು ಹೇಳಿದ್ರೆ ಏಳೋದಲ್ಲ ಇದು. ದೋಣಿ ಬಂದು ಕೇಳ್ಬೇಕು. ಒಂದು ಉದ್ದ ಹಾರ್ನು, ಒಂದು ಗಿಡ್ಡ ಹಾರ್ನು. ಕೇಳಿದ್ರೆ ಮೇಯರ್ ಕಾರು ನಿಂತಿದ್ರೂ ಎತ್ತಲೇಬೇಕು. ಕೇಳ್ದೇ ಇದ್ರೆ ಮೇಯರೇ ಬಂದು ಗೋಗರೆದ್ರೂ ಎತ್ತಲ್ಲ."

ಮಾರ್ಲಾ ಕಿಟಕಿಯಿಂದ ಕೆಳಗೆ ನೋಡಿದಳು. ನದಿಯಲ್ಲಿ ಎರಡು ಬಾತುಕೋಳಿಗಳ ಹೊರತು ಯಾರೂ ಇರಲಿಲ್ಲ. ಎತ್ತರದ ಹಾಯಿಕಂಬ ಇರುವ ದೋಣಿಯವರಲ್ಲಿ ಅವಳಿಗೆ ಗೊತ್ತಿದ್ದವನು ಒಬ್ಬನೇ, ಎರಡು ವರ್ಷದ ಹಿಂದೆ ಅವಳು ಬಿಟ್ಟ ಗಂಡ ಆರ್ನಿ. ಮನೆ ಮಾರಿ ಆ ದೋಣಿ ಕೊಂಡದ್ದಕ್ಕೇ ಅವಳು ಅವನನ್ನು ಬಿಟ್ಟದ್ದು. ಈಗ ಅವನು ಸೇತುವೆಯಿಂದ ಕೂಗಳತೆ ದೂರದಲ್ಲಿ ಅದರಲ್ಲೇ ವಾಸವಾಗಿದ್ದ. ಹಲ್ಲು ಕಚ್ಚಿಕೊಂಡು ಫೋನ್ ಮಾಡಿದಳು.

"ಆರ್ನಿ, ದೋಣಿ ಬಿಚ್ಚು. ಸೇತುವೆ ಹತ್ರ ಬಂದು ಹಾರ್ನ್ ಹೊಡಿ. ಈಗ್ಲೇ."

"ಯಾವ ದೋಣಿ? ಜಡ್ಜ್ ಎದುರಿಗೆ ತೇಲೋ ಕೊಟ್ಟಿಗೆ ಅಂದಿದ್ಯಲ್ಲ, ಅದಾ?"

"ಏನು ಬೇಕೋ ಹೇಳು, ಬೇಗ."

"ಏನೂ ಬೇಡ. ಚಂದದ ದೋಣಿ ಅನ್ನು, ಸಾಕು."

ಗಡಿಯಾರ ಒಂಬತ್ತು ಐವತ್ತೆರಡು ತೋರಿಸುತ್ತಿತ್ತು. ಮಾರ್ಲಾ ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದಳು. ಕೋರ್ಟಿನಲ್ಲಿ ಒಂದು ಹನಿ ಕಣ್ಣೀರು ಹಾಕದವಳಿಗೆ ಈಗ ಅಳು ಬಂತು.

"ಕೇಳಿಸ್ಲಿಲ್ಲ."

"ಚಂದದ ದೋಣಿ ಕಣೋ, ಹಾಳಾಗಿ ಹೋಗು!"

ಐದು ನಿಮಿಷದಲ್ಲಿ ಆರ್ನಿ ಪೈಜಾಮದಲ್ಲೇ ಬಂದ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಅರ್ಧ ತಿಂದ ಬ್ರೆಡ್ಡು. ಉದ್ದಕ್ಕೊಮ್ಮೆ, ಗಿಡ್ಡಕ್ಕೊಮ್ಮೆ ಹಾರ್ನ್ ಹೊಡೆದ. ವೆಂಡೆಲ್ ಅದೇ ಲೆಕ್ಕದಲ್ಲಿ ಮರುದನಿ ಕೊಟ್ಟ. ಗಂಟೆ ಹೊಡೆಯಿತು, ಗೇಟು ಬಿತ್ತು, ಇನ್ನೂರು ಕಾರುಗಳು ನಿಂತವು, ಹೆದ್ದಾರಿ ಬಾಯಿ ತೆರೆಯಿತು. ವೆಂಡೆಲ್ ಪುಸ್ತಕದಲ್ಲಿ ಒಂಬತ್ತು ಐವತ್ತೆಂಟು ಎಂದು ಬರೆದ. ಆಮೇಲೆ ಬೇರೆ ಹಾಳೆ ತೆಗೆದು, ದುಂಡಗಿನ ಅಕ್ಷರದಲ್ಲಿ ತಾರೀಕು, ಹೊತ್ತು, ದೋಣಿಯ ಹೆಸರು ಎಲ್ಲ ಬರೆದು ಸಹಿ ಹಾಕಿ ಮಾರ್ಲಾಗೆ ಕೊಟ್ಟ.

ಅಷ್ಟರಲ್ಲಿ ಮತ್ತೆ ಬಾಗಿಲು ಬಡಿದ ಸದ್ದು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದವನು ಮ್ಯಾನೇಜರ್ ಹಾಲ್ವರ್ಸನ್. ಮಾರ್ಲಾ ಚೀಟಿಯನ್ನು ಮುಂದೆ ಚಾಚಿದಳು.

"ನೀವು ಅಂಗಡೀಲಿ ಕಾಯ್ತಿರ್ತೀನಿ ಅಂದ್ರಿ..."

ಹಾಲ್ವರ್ಸನ್ ಅವಳ ಮುಖ ನೋಡಲಿಲ್ಲ. "ಮಾಲೀಕರು ಅಂಗಡಿ ಬಾಗಿಲಲ್ಲಿ ನಿಂತು ಫೋನ್ ಮಾಡಿದ್ರು," ಎಂದು ವೆಂಡೆಲ್‌ಗೆ ಹೇಳಿದ. "ಸೇತುವೆ ಎತ್ತಿದ್ದಾರೆ ಅಂದೆ. ಚೀಟಿ ತಗೊಂಡು ಬಾ ಅಂದ್ರು. ನನಗೂ ಒಂದು ಬರೆದುಬಿಡಿ."

ತನ್ನ ಕೆಲಸ ಉಳಿಯಿತೆಂದು ಮಾರ್ಲಾಗೆ ಆಗಲೇ ಖಾತ್ರಿಯಾಯಿತು. ಖುಷಿಯಿಂದ ಹೊರಗೆ ಓಡಬೇಕೆಂದರೆ ಮೆಟ್ಟಿಲ ತುಂಬ ಜನ. ಕಾರು ಬಿಟ್ಟು ಚೀಟಿಗೆಂದು ಇಳಿದು ಬಂದವರ ಸಾಲು ಕಂಬಿ ಹಿಡಿದುಕೊಂಡು ಗೇಟಿನವರೆಗೂ ಬೆಳೆದಿತ್ತು. ಹದಿನೇಳು ವರ್ಷ ಜನ ವೆಂಡೆಲ್‌ನನ್ನು ಬೈದಿದ್ದರೇ ಹೊರತು ಹೀಗೆ ಸಾಲುಗಟ್ಟಿ ನಿಂತು ಏನನ್ನೂ ಕೇಳಿರಲಿಲ್ಲ. ಅವನ ಮುಖ ಅರಳಿಹೋಯಿತು. ಹಾಳೆಯ ಕಟ್ಟು ಹತ್ತಿರಕ್ಕೆಳೆದುಕೊಂಡು ಒಂದೊಂದೇ ಹೆಸರು ಕೇಳಿ ದುಂಡಗೆ ಬರೆಯತೊಡಗಿದ. ಆರ್ನಿಯ ದೋಣಿ ದಾಟಿಹೋಗಿ ಅರ್ಧ ಗಂಟೆಯಾದರೂ ಹೆದ್ದಾರಿ ಮೇಲಕ್ಕೇ ನಿಂತಿತ್ತು.

"ಸಾಕು ಬಿಡಿ ಸರ್, ಇನ್ನಾದ್ರೂ ಸೇತುವೆ ಇಳಿಸಿ," ಎಂದು ಮಾರ್ಲಾ ಕೂಗಿದಳು. "ನಾನು ಕೆಲಸಕ್ಕೆ ಹೋಗ್ಬೇಕು!"

ಸಾಲಿನ ಕೊನೆಯಲ್ಲಿದ್ದ ಟೈ ಕಟ್ಟಿದವನೊಬ್ಬ ಗಾಬರಿಯಿಂದ ಎರಡೂ ಕೈ ಎತ್ತಿದ. "ಅಯ್ಯೋ, ತಡೀರಿ ಮೇಡಂ! ನಮ್ಮ ಆಫೀಸು ಶುರುವಾಗೋದು ಹನ್ನೊಂದಕ್ಕೆ. ಈಗ್ಲೇ ಇಳಿಸಿಬಿಟ್ರೆ ನಾನು ಸರಿಯಾದ ಹೊತ್ತಿಗೆ ಹೋಗ್ಬಿಡ್ತೀನಲ್ಲ!"