ಮಕ್ಬುಲಸಾಬನ ವಲ್ಲಿ

ಮರಳಿ ಊರಿನ ಕಾಲುವೆ ಸೇತುವೆಯ ಮುಂದೆ ಕುದುರೆ ಕಾಲೂರಿ ನಿಂತುಬಿಟ್ಟಿತು. ಮಳೆ ನಂಬಿದ ಸೀಮೆಯಲ್ಲಿ ಬೆಳೆದದ್ದು. ಇಷ್ಟು ನೀರು ಒಟ್ಟಿಗೆ ಓಡುವುದನ್ನು ಎಂದೂ ಕಂಡಿರಲಿಲ್ಲ. ಬೆನ್ನ ಮೇಲಿದ್ದ ಬಾಲಪ್ಪ ಹಿಮ್ಮಡಿಯಿಂದ ತಿವಿದ. ಅದು ಹಿಂದಕ್ಕೇ ಸರಿಯಿತು.

“ಏನ್ ಬೂಬಮ್ಮ, ನಿನ್ನ ಕುದರಿ ಕೊಡದಾಗಿನ ನೀರ ಬಿಟ್ರ ಬ್ಯಾರೆ ನೀರ ನೋಡಿಲ್ಲೇನು?” ಎಂದು ಬಾರುಕೋಲು ಎತ್ತಿದ.

“ಹೊಡೀಬ್ಯಾಡೋ ತಮ್ಮಾ, ಅದಕ್ಕ ಹೊಡ್ತ ಗೊತ್ತಿಲ್ಲ,” ಎಂದಳು ಹಿಂದೆ ನಡೆದು ಬರುತ್ತಿದ್ದ ಮೆಹಬೂಬಬೀ. ಗಂಡ ಮಕ್ಬುಲಸಾಬ ಮಣ್ಣಾದ ಮೇಲೆ ಕುದುರೆ ಸಾಕುವ ಕೈ ಮನೆಯಲ್ಲಿ ಉಳಿದಿರಲಿಲ್ಲ. ಬಾಲಪ್ಪನಿಗೆ ಮಾರಿ, ಹೊಸ ಮನೆಯ ತನಕ ಬಿಟ್ಟುಬರಲು ತಾನೇ ಹೊರಟಿದ್ದಳು.

ಕುದುರೆ ಹೊಸದೇನನ್ನಾದರೂ ಕಂಡು ಬೆದರಿದರೆ ಮಕ್ಬುಲಸಾಬ ಕೆಳಗಿಳಿಯುತ್ತಿದ್ದ. ಬೆವರು ಒರೆಸಿಕೊಳ್ಳಲು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ವಲ್ಲಿಯನ್ನು ಅಲ್ಲಿ ಹಾಸಿ, ಅದು ಮೂಸುವ ತನಕ ಬೀಡಿ ಸೇದುತ್ತ ಕೂಡುತ್ತಿದ್ದ. ಕೊಪ್ಪಳದ ರೈಲು ಹಳಿಯನ್ನು ಅದು ದಾಟಿದ್ದು ಹಾಗೆಯೇ.

ಆ ವಲ್ಲಿ ಈಗ ಮೆಹಬೂಬಬೀಯ ಸೊಂಟದಲ್ಲಿತ್ತು. ಅವನು ಹೋದಾಗಿನಿಂದ ಅದಕ್ಕೆ ನೀರು ಸೋಕಿಸಿರಲಿಲ್ಲ. ಮುಖಕ್ಕೆ ಹಿಡಿದರೆ ಬೀಡಿ, ಬೆವರು, ಕುದುರೆಯ ಮೈ, ಅವನು.

“ಇಳಿ ತಮ್ಮಾ,” ಎಂದಳು.

ಸೇತುವೆಯ ತುಂಬ ಗದ್ದೆಯ ಕೆಸರು ಮೆತ್ತಿತ್ತು. ಅದರ ಮೇಲೆಯೇ ಹಾಸಿದಳು. ಕುದುರೆ ಕತ್ತು ಚಾಚಿ ಬಹಳ ಹೊತ್ತು ಮೂಸಿತು. ಆಮೇಲೆ ವಲ್ಲಿಯನ್ನು ತುಳಿದು, ಸೇತುವೆ ದಾಟಿತು.

ಬಾಲಪ್ಪನ ಹೆಂಡತಿ ದುರುಗವ್ವ ಒಳ್ಳೆಯ ಹೆಂಗಸು. ಮನೆ ಮುಟ್ಟುತ್ತಲೇ ಮೆಹಬೂಬಬೀಯ ಕೈಯಿಂದ ಕೆಸರಾದ ವಲ್ಲಿಯನ್ನು ಇಸಿದುಕೊಂಡು, ಕೈಕಾಲಿಗೆ ನೀರು ಕೊಟ್ಟು, ಒಳಗೆ ಕರೆದು ಬಿಸಿ ಅನ್ನ ಬಡಿಸಿದಳು. ಊಟ ಮುಗಿಸಿ ಹೊರಬಂದರೆ, ಕೊಟ್ಟಿಗೆಯ ಬಾಗಿಲಲ್ಲಿ ಕುದುರೆ ಮತ್ತೆ ನಿಂತಿತ್ತು. ಬಾಲಪ್ಪ ಹಗ್ಗ ಜಗ್ಗಿ ಜಗ್ಗಿ ಸೋತಿದ್ದ.

“ವಲ್ಲಿ ಎಲ್ಲೈತಿ ಯವ್ವಾ?”

ದುರುಗವ್ವ ಬಟ್ಟೆ ಹರವುವ ಹಗ್ಗದ ಮೇಲಿಂದ ತೆಗೆದು ತಂದಳು. “ನೀ ಉಣ್ಣೂದ್ರಾಗ ಸಬಕಾರ ಹಚ್ಚಿ ಒಗದ್ಬಿಟ್ಟೆ, ಬೂಬಮ್ಮ. ಭಾಳ ಹೊಲಸಾಗಿತ್ತು. ನೋಡು, ಹೊಸಾದ್ರಂಗ ಆಗೈತಿ!”

ಮೆಹಬೂಬಬೀ ಅದನ್ನು ಮುಖದ ತನಕ ಎತ್ತಿದವಳು, ಹಾಗೇ ಇಳಿಸಿದಳು.

“ಛಲೋ ಮಾಡಿದಿ ಯವ್ವಾ,” ಎಂದು ಕೊಟ್ಟಿಗೆಯ ಹೊಸ್ತಿಲ ಮೇಲೆ ಹಾಸಿದಳು.

ಕುದುರೆ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ತಲೆಯೆತ್ತಿ, ಬಂದ ದಾರಿಯ ಕಡೆ ನೋಡುತ್ತ ನಿಂತಿತು.